ಪಿಕಪ್ ಟ್ರಕ್ಕಿಗೆ ಪಾಪ್-ಅಪ್ ಕ್ಯಾಂಪರ್: ತೂಕದ ಲೆಕ್ಕದಿಂದ ಚಳಿಗಾಲದ ಕಾಪಿನವರೆಗೆ

ಪಾಪ್-ಅಪ್ ಕ್ಯಾಂಪರ್ ಎಂಬುದು ಪಿಕಪ್ ಟ್ರಕ್ಕಿನ ಹಿಂಬದಿಯ ಬೆಡ್ಡಿನೊಳಗೆ, ಅಂದರೆ ಸಾಮಾನು ತುಂಬುವ ತೆರೆದ ಜಾಗದೊಳಗೆ, ಇಳಿಸಿ ಬಿಗಿಯುವ ವಾಸದ ಪೆಟ್ಟಿಗೆ. ರಸ್ತೆಯಲ್ಲಿ ಓಡುವಾಗ ಅದರ ಚಾವಣಿ ಕ್ಯಾಬಿಗಿಂತ ಸ್ವಲ್ಪವೇ ಎತ್ತರದಲ್ಲಿ ಮಲಗಿರುತ್ತದೆ. ತಂಗುವ ಜಾಗ ತಲುಪಿ ಚಾವಣಿಯನ್ನು ಎತ್ತಿದಾಗ ಸುತ್ತಲಿನ ಬಟ್ಟೆಯ ಗೋಡೆ ಬಿಚ್ಚಿಕೊಂಡು, ಆರಡಿ ಎತ್ತರದವರೂ ನೆಟ್ಟಗೆ ನಿಲ್ಲುವಷ್ಟು ಜಾಗವಾಗುತ್ತದೆ. ಗಾಳಿಗೆ ಕಡಿಮೆ ಎದೆಯೊಡ್ಡುವುದು, ಮರದ ಕೊಂಬೆಗಳ ಕೆಳಗೆ ನುಸುಳುವುದು, ತಿರುವುಗಳಲ್ಲಿ ಕಡಿಮೆ ವಾಲುವುದು ಇದರ ಗುಣಗಳು. ಇದು ಹುಟ್ಟಿ ಬೆಳೆದದ್ದು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ. ಫೋರ್ ವೀಲ್ ಕ್ಯಾಂಪರ್ಸ್ ಕಂಪನಿ 1972ರಲ್ಲಿ ಆರಂಭವಾಗಿ ಮುಂದೆ ಕ್ಯಾಲಿಫೋರ್ನಿಯಾಕ್ಕೆ ಬಂದಿತು. ಹಾಲ್‌ಮಾರ್ಕ್ ಕಂಪನಿ ಕೊಲರಾಡೋದ್ದು. ನಾರ್ತ್‌ಸ್ಟಾರ್ ಅಯೋವಾ ರಾಜ್ಯದ್ದು. ಬೇ ಏರಿಯಾ, ಸಿಯಾಟಲ್, ಡೆನ್ವರ್ ಸುತ್ತಮುತ್ತ ನೆಲೆಸಿ, ವಾರಾಂತ್ಯಕ್ಕೆ ಯೂಟಾದ ಕಣಿವೆಗಳಿಗೋ ಸಿಯೆರಾ ಬೆಟ್ಟಗಳಿಗೋ ಹೊರಡುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದೆ. ಆದ್ದರಿಂದ ತೂಕಗಳನ್ನು ಪೌಂಡಿನಲ್ಲಿಯೇ ಕೊಟ್ಟಿದ್ದೇನೆ; ಟ್ರಕ್ಕಿನ ಮೇಲೆ ಅಂಟಿಸಿರುವ ಚೀಟಿಯೂ ತೂಕದ ಯಂತ್ರವೂ ಅಲ್ಲಿ ಮಾತನಾಡುವುದು ಆ ಅಳತೆಯಲ್ಲೇ.

ಮೊದಲು ಟ್ರಕ್ಕಿನ ಬಾಗಿಲು ತೆರೆಯಿರಿ

ಹೆಚ್ಚಿನವರು ಮೊದಲು ಕ್ಯಾಂಪರನ್ನು ಮೆಚ್ಚಿಕೊಂಡು, ಮುಂಗಡ ಕೊಟ್ಟು, ಆಮೇಲೆ ತಮ್ಮ ಟ್ರಕ್ಕು ಅದನ್ನು ಹೊರುತ್ತದೆಯೇ ಎಂದು ವಿಚಾರಿಸುತ್ತಾರೆ. ಕ್ರಮ ತಿರುವುಮುರುವಾಗಬೇಕು. ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಎರಡು ಚೀಟಿಗಳು ಕಾಣುತ್ತವೆ. ಹಳದಿ ಮತ್ತು ಬಿಳಿ ಬಣ್ಣದ, ಟೈರುಗಳ ವಿವರವಿರುವ ಚೀಟಿಯಲ್ಲಿ ಜನ ಮತ್ತು ಸಾಮಾನು ಎರಡೂ ಸೇರಿ ಇಷ್ಟು ಪೌಂಡನ್ನು ಮೀರಕೂಡದು ಎಂದು ಬರೆದಿರುತ್ತದೆ, ಅದೇ ಪೇಲೋಡ್. ಇನ್ನೊಂದು ಚೀಟಿಯಲ್ಲಿ ಇಡೀ ವಾಹನದ ಗರಿಷ್ಠ ತೂಕವೂ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಗರಿಷ್ಠ ಮಿತಿಯೂ ಬೇರೆ ಬೇರೆಯಾಗಿ ಇರುತ್ತವೆ. ಜಾಹೀರಾತಿನಲ್ಲಿ ಕಾಣುವ ಪೇಲೋಡ್ ಆ ಮಾದರಿಯ ಅತ್ಯಂತ ಹಗುರವಾದ ಆವೃತ್ತಿಯದಾಗಿರುತ್ತದೆ. ಸನ್‌ರೂಫ್, ಚರ್ಮದ ಸೀಟು, ನಾಲ್ಕು ಬಾಗಿಲು, ಫೋರ್-ವೀಲ್ ಡ್ರೈವ್ ಎಲ್ಲ ಸೇರಿದ ನಿಮ್ಮ ಟ್ರಕ್ಕಿನದು ಅದಕ್ಕಿಂತ ನೂರಾರು ಪೌಂಡ್ ಕಡಿಮೆ ಇರಬಹುದು. ಒಂದೇ ಮಾದರಿಯ ಎರಡು ಟ್ರಕ್ಕುಗಳ ಚೀಟಿಯಲ್ಲಿಯೂ ಅಂಕಿ ಬೇರೆ ಇರುವುದರಿಂದ, ಬಳಸಿದ ಟ್ರಕ್ಕನ್ನು ಕೊಳ್ಳುವವರು ಮಾರುವವನಿಂದ ಆ ಚೀಟಿಯ ಫೋಟೋವನ್ನು ತರಿಸಿಕೊಂಡ ಮೇಲೆಯೇ ನೋಡಲು ಹೊರಡುವುದು ಒಳ್ಳೆಯದು.

ಈಗ ಇನ್ನೊಂದು ಬದಿಯ ಲೆಕ್ಕ. ಕ್ಯಾಂಪರಿನ ಕೈಪಿಡಿಯಲ್ಲಿ ಕಾಣುವ ಒಣ ತೂಕ ಬಹುಮಟ್ಟಿಗೆ ಖಾಲಿ ಪೆಟ್ಟಿಗೆಯದು. ಉದಾಹರಣೆಗೆ 1,150 ಪೌಂಡಿನ ಒಂದು ಕ್ಯಾಂಪರನ್ನು ತೆಗೆದುಕೊಳ್ಳೋಣ. ಫ್ರಿಜ್, ಹೀಟರ್, ಬ್ಯಾಟರಿ, ಸೋಲಾರ್ ಫಲಕ, ಜಾಕ್‌ಗಳು, ನೆರಳಿನ ಆನಿಂಗ್ ಸೇರಿದಾಗ ಸುಲಭವಾಗಿ 280 ಪೌಂಡ್ ಏರುತ್ತದೆ. ಇಪ್ಪತ್ತು ಗ್ಯಾಲನ್ ನೀರು ಎಂದರೆ 167 ಪೌಂಡ್. ತುಂಬಿದ ಎರಡು ಸಣ್ಣ ಪ್ರೊಪೇನ್ ಸಿಲಿಂಡರ್ 45. ಅಕ್ಕಿ, ಬೇಳೆ, ಕುಕ್ಕರ್, ಬಟ್ಟೆ, ಹಾಸಿಗೆ, ಕುರ್ಚಿ, ಉಪಕರಣಗಳಿಗೆ 250 ಎಂದು ಹಿಡಿದರೆ ಅದು ಜಿಪುಣತನದ ಅಂದಾಜು. ಇಬ್ಬರು ದೊಡ್ಡವರು 320. ಒಟ್ಟು 2,212 ಪೌಂಡ್, ಅಂದರೆ ಸರಿಸುಮಾರು ಒಂದು ಸಾವಿರ ಕಿಲೋ. ಚೀಟಿಯಲ್ಲಿ 1,685 ಎಂದು ಬರೆದಿರುವ ಹಾಫ್-ಟನ್ ಟ್ರಕ್ಕಿಗೆ, ಅಂದರೆ ಪೂರ್ಣ ಗಾತ್ರದ ಪಿಕಪ್‌ಗಳಲ್ಲಿ ಹಗುರವಾದ ವರ್ಗದ್ದಕ್ಕೆ, ಇದು 527 ಪೌಂಡ್ ಹೆಚ್ಚಿನ ಹೊರೆ. ಟೊಯೊಟಾ ಟಕೋಮಾದಂಥ ಮಧ್ಯಮ ಗಾತ್ರದ ಟ್ರಕ್ಕಿನ ಮಾತನ್ನಂತೂ ಆಡುವಂತಿಲ್ಲ. ಅದಕ್ಕೆಂದೇ ಮಾಡಿದ ಖಾಲಿ ಪೆಟ್ಟಿಗೆಯ ಮಾದರಿಗಳನ್ನು ಕೊಂಡು, ಒಲೆ ನೀರು ಎಲ್ಲವನ್ನೂ ಡಬ್ಬಗಳಲ್ಲಿ ಒಯ್ಯುವುದು ಅಲ್ಲಿ ಪ್ರಾಮಾಣಿಕ ದಾರಿ. ಸಕಲ ಸೌಕರ್ಯಗಳಿರುವ ಕ್ಯಾಂಪರ್ ಬೇಕೆನ್ನುವವರು ಇನ್ನೂ ಹೆಚ್ಚು ಹೊರುವ ತ್ರೀ-ಕ್ವಾರ್ಟರ್ ಟನ್ ವರ್ಗದ ಟ್ರಕ್ಕಿಗೆ ಹೋಗಬೇಕು. ಹೀಗೆ ಹೇಳಿದರೆ ಬೇಸರವಾಗುತ್ತದೆಂದು ಗೊತ್ತು. ಆದರೆ ಮಿತಿ ಮೀರಿದ ಹೊರೆಯ ಟ್ರಕ್ಕು ತೊಂದರೆ ಕೊಡುವುದು ಸಮತಟ್ಟಾದ ಹೆದ್ದಾರಿಯಲ್ಲಲ್ಲ, ಒಂಬತ್ತು ಸಾವಿರ ಅಡಿಯ ಘಾಟಿಯನ್ನು ಇಳಿಯುವಾಗ ಬ್ರೇಕ್ ಕಾದು ಪೆಡಲ್ ಮೆತ್ತಗಾದ ಗಳಿಗೆಯಲ್ಲಿ.

ಹಿಂದಿನ ಸ್ಪ್ರಿಂಗ್‌ಗೆ ಗಾಳಿ ತುಂಬಿ ಆಸರೆ ಕೊಡುವ ಏರ್‌ಬ್ಯಾಗ್ ಅಥವಾ ಹೆಚ್ಚುವರಿ ಪಟ್ಟಿ ಹಾಕಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಅವು ಟ್ರಕ್ಕಿನ ಹಿಂಭಾಗ ಕುಸಿಯದಂತೆ ತಡೆಯುತ್ತವೆ, ಓಲಾಟವನ್ನು ಕಡಿಮೆ ಮಾಡುತ್ತವೆ. ಚೀಟಿಯ ಮೇಲಿನ ಅಂಕಿಯನ್ನು ಒಂದು ಪೌಂಡಿನಷ್ಟೂ ಹೆಚ್ಚಿಸುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಚಕ್ರ ಇವೆಲ್ಲ ಹಳೆಯವೇ.

ತೂಕ ಎಲ್ಲಿ ಕೂರುತ್ತದೆ

ಎಷ್ಟು ತೂಕ ಎಂಬುದರಷ್ಟೇ ಮುಖ್ಯವಾದದ್ದು ಆ ತೂಕದ ಗುರುತ್ವ ಕೇಂದ್ರ ಎಲ್ಲಿದೆ ಎಂಬುದು. ಇಂಥ ಕ್ಯಾಂಪರನ್ನು ಮಾಡುವವರು ಅದರ ಗುರುತ್ವ ಕೇಂದ್ರವನ್ನು ತಿಳಿಸಬೇಕೆಂದೂ, ಟ್ರಕ್ ತಯಾರಕರು ಆ ಕೇಂದ್ರ ಬೆಡ್ಡಿನ ಯಾವ ಭಾಗದೊಳಗೆ ಬೀಳಬೇಕೆಂಬುದನ್ನು ಕೊಡಬೇಕೆಂದೂ ಅಮೆರಿಕದ ಸಂಯುಕ್ತ ಸರ್ಕಾರದ ನಿಯಮವಿದೆ. ಟ್ರಕ್ಕಿನ ಕೈಪಿಡಿಯಲ್ಲಿ ಆ ಚಿತ್ರವನ್ನು ಹುಡುಕಿರಿ. ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ನ ನೇರ ಮೇಲಾದರೂ, ಇನ್ನೂ ಒಳ್ಳೆಯದೆಂದರೆ ಅದಕ್ಕಿಂತ ಕೆಲವು ಇಂಚು ಮುಂದಾದರೂ ಇರಬೇಕು.

ಇದರ ಗಣಿತ ಸರಳ. ಎರಡು ಆಕ್ಸಲ್‌ಗಳ ನಡುವಿನ ಅಂತರ 145 ಇಂಚು ಇದ್ದು, ಕ್ಯಾಂಪರಿನ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ಗಿಂತ 5 ಇಂಚು ಮುಂದಿದ್ದರೆ, ಅದರ ತೂಕದಲ್ಲಿ ಮುಂದಿನ ಚಕ್ರಗಳಿಗೆ ಸಿಗುವ ಪಾಲು 145ರಲ್ಲಿ 5 ಮಾತ್ರ. ಮೇಲಿನ ಉದಾಹರಣೆಯಲ್ಲಿ ಜನರನ್ನು ಬಿಟ್ಟು ಉಳಿದ 1,892 ಪೌಂಡಿನಲ್ಲಿ ಮುಂದಕ್ಕೆ ಹೋಗುವುದು ಸುಮಾರು 65 ಪೌಂಡ್. ಮಿಕ್ಕದ್ದೆಲ್ಲ ಹಿಂದಿನ ಆಕ್ಸಲ್‌ನ ಬೆನ್ನಿಗೆ. ಒಟ್ಟು ಮಿತಿ ಮೀರದಿದ್ದರೂ ಹಿಂದಿನ ಆಕ್ಸಲ್‌ನ ಮಿತಿ ಮೀರುವ ಸಾಧ್ಯತೆ ಇರುವುದು ಹೀಗೆ. ಕೇಂದ್ರ ಆಕ್ಸಲ್‌ಗಿಂತ ಹಿಂದೆ ಬಿದ್ದರೆ ಏತದ ಮರದಂತೆ ಮುಂಭಾಗ ಮೇಲೇಳುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ನಾಲ್ಕು ಬಾಗಿಲಿನ ಕ್ಯಾಬಿಗಾಗಿ ಬೆಡ್ಡನ್ನು ಐದೂವರೆ ಅಡಿಗೆ ಮೊಟಕುಗೊಳಿಸಿದ ಟ್ರಕ್ಕುಗಳಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಆರೂವರೆ ಅಡಿಯ ಬೆಡ್ಡಿಗೆ ಮಾಡಿದ ಕ್ಯಾಂಪರ್ ಅಲ್ಲಿ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಬೆಡ್ಡಿನ ಉದ್ದಕ್ಕೆ ತಕ್ಕ ಮಾದರಿಯನ್ನೇ ಆರಿಸಿಕೊಳ್ಳಿ. ನೀರಿನ ತೊಟ್ಟಿ ಮತ್ತು ಬ್ಯಾಟರಿ ಕ್ಯಾಂಪರಿನ ಮುಂಭಾಗದಲ್ಲಿರುವ ವಿನ್ಯಾಸ ಸಿಕ್ಕರೆ ಅದಕ್ಕೆ ಮೊದಲ ಆದ್ಯತೆ ಕೊಡಿ.

ಬಳಸಿದ ಕ್ಯಾಂಪರನ್ನು ನೋಡಲು ಹೋದಾಗ

ಚಾವಣಿ ಎತ್ತಿಸದೆ ಮಾತು ಮುಂದುವರಿಸಬೇಡಿ. ಬಟ್ಟೆಯ ಮಡಿಕೆಗಳಲ್ಲಿ ಬಿರುಕು, ಜಿಪ್ಪಿನ ಹಲ್ಲುಗಳು, ಚಾವಣಿ ಎತ್ತುವ ಮುಂದಿನ ಹಿಂದಿನ ಹಲಗೆಗಳ ಕೀಲುಗಳು, ಬೂಷ್ಟಿನ ವಾಸನೆ ಇವನ್ನು ಪರೀಕ್ಷಿಸಿ. ಒಳಗೆ ಕೆಳಮೂಲೆಗಳನ್ನೂ, ಕ್ಯಾಬಿನ ಮೇಲೆ ಚಾಚಿಕೊಂಡ ಹಾಸಿಗೆಯ ತಳವನ್ನೂ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ. ಮೆತ್ತಗಿದ್ದರೆ ಒಳಗೆ ಮರ ಕೊಳೆತಿದೆ. ಅಲ್ಯೂಮಿನಿಯಂ ಚೌಕಟ್ಟಿನ ಕ್ಯಾಂಪರಿನಲ್ಲಿ ಕೊಳೆಯುವ ಭಯ ಕಡಿಮೆ, ಆದರೆ ಬೆಸುಗೆ ಬಿರಿದಿರುವ ಸಾಧ್ಯತೆಯನ್ನು ಮರೆಯಬಾರದು. ಕಟ್ಟುವ ಕೊಂಡಿಗಳನ್ನು ಬಿಗಿದಿರುವ ಮೂಲೆಗಳು ಎಳೆದು ಹಿಗ್ಗಿದ್ದರೆ, ಆ ಕ್ಯಾಂಪರ್ ಎಲ್ಲೋ ಒಮ್ಮೆ ಸಡಿಲವಾಗಿ ಕುಣಿದಿದೆ ಎಂದು ಅರ್ಥ. ಬೆಲೆ ಎಷ್ಟೇ ಕಡಿಮೆ ಇದ್ದರೂ ಅದನ್ನು ಬಿಡುವುದೇ ಲೇಸು.

ಬೆಡ್ಡನ್ನು ಸಿದ್ಧಪಡಿಸುವುದು

ಹಿಂದಿನ ಟೇಲ್‌ಗೇಟನ್ನು ಬಿಚ್ಚಿ ಮನೆಯಲ್ಲಿಡಿ. ಅದರ ತೂಕದಷ್ಟು ಪೇಲೋಡ್ ನಿಮಗೆ ಮರಳಿ ಸಿಗುತ್ತದೆ. ಹೊಸ ಟ್ರಕ್ಕುಗಳ ಟೇಲ್‌ಗೇಟಿನಲ್ಲಿ ಕ್ಯಾಮೆರಾದ ಮತ್ತು ಬೀಗದ ತಂತಿಗಳಿರುತ್ತವೆ, ಮೊದಲು ಅವುಗಳ ಪ್ಲಗ್ ಕಳಚಿ ತುದಿಗೆ ತೇವ ತಾಗದಂತೆ ಟೇಪು ಸುತ್ತಿ. ಬೆಡ್ಡಿನೊಳಗೆ ಬಿಡಿಯಾಗಿ ಕೂರಿಸಿದ ಪ್ಲಾಸ್ಟಿಕ್ ಲೈನರ್ ಇದ್ದರೆ ಅದನ್ನು ತೆಗೆಯಲೇಬೇಕು. ಅದರ ನುಣುಪಿನ ಮೇಲೆ ಕ್ಯಾಂಪರ್ ಜಾರುತ್ತದೆ. ಸಿಂಪಡಿಸಿದ ಒರಟು ಲೇಪವಾದರೆ ಇರಲಿ, ಅದರ ಮೇಲೂ ಕುದುರೆ ಲಾಯಗಳಿಗೆ ಹಾಸುವಂಥ ದಪ್ಪ ರಬ್ಬರ್ ಚಾಪೆಯೊಂದನ್ನು ಅಳತೆಗೆ ಕತ್ತರಿಸಿ ಹಾಸಿ. ಕಟ್ಟುವ ಕೊಂಡಿಗಳು ಕ್ಯಾಂಪರನ್ನು ಕೆಳಕ್ಕೆ ಎಳೆದು ಹಿಡಿಯುತ್ತವೆ. ಅಡ್ಡಲಾಗಿ ಸರಿಯದಂತೆ ಹಿಡಿಯುವ ಕೆಲಸದ ದೊಡ್ಡ ಪಾಲು ಈ ರಬ್ಬರಿನದು.

ನಂತರ ಎತ್ತರವನ್ನು ಅಳೆಯಿರಿ. ಬೆಡ್ಡಿನ ಪಕ್ಕದ ಅಂಚುಗಳಿಗೂ ಅವುಗಳ ಮೇಲೆ ಚಾಚುವ ಕ್ಯಾಂಪರಿನ ರೆಕ್ಕೆಗಳಿಗೂ ನಡುವೆ ಒಂದು ಇಂಚಾದರೂ, ಕ್ಯಾಬಿನ ಚಾವಣಿಗೂ ಅದರ ಮೇಲಿನ ಹಾಸಿಗೆಯ ತಳಕ್ಕೂ ನಡುವೆ ಎರಡು ಮೂರು ಇಂಚಾದರೂ ಅಂತರ ಬೇಕು. ಹಳ್ಳದಿಣ್ಣೆಯ ದಾರಿಯಲ್ಲಿ ಚಾಸಿ ತಿರುಚಿಕೊಂಡಾಗ ಕ್ಯಾಬ್ ಒಂದು ಕಡೆಗೆ, ಬೆಡ್ ಇನ್ನೊಂದು ಕಡೆಗೆ ವಾಲುತ್ತವೆ. ನಿಂತಾಗ ಸರಿಯಾಗಿ ಕಂಡ ಅಂತರ ಆಗ ಮುಚ್ಚಿಹೋಗುತ್ತದೆ. ಅಂತರ ಸಾಲದಿದ್ದರೆ ತಳದಲ್ಲಿ ಪ್ಲೈವುಡ್ ಅಥವಾ ಗಟ್ಟಿ ಫೋಮ್ ಹಲಗೆಯನ್ನು ಇಡೀ ಅಗಲಕ್ಕೆ ಹಾಸಿ ಎತ್ತರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ತುಂಡು ಇಟ್ಟರೆ ಭಾರವೆಲ್ಲ ಆ ನಾಲ್ಕು ಬಿಂದುಗಳ ಮೇಲೆ ಬಿದ್ದು ತಳ ಸೀಳುತ್ತದೆ.

ಕಟ್ಟುವ ಕೊಂಡಿಗಳು

ಬೆಡ್ಡಿನಲ್ಲಿ ಕಾರ್ಖಾನೆಯವರೇ ಕೊಟ್ಟಿರುವ ಸಣ್ಣ ಕೊಂಡಿಗಳು ಸಾಮಾನಿನ ಹಗ್ಗಕ್ಕೆಂದು ಇರುವಂಥವು. ಅವುಗಳನ್ನು ನಂಬಬೇಡಿ. ಎರಡು ಸರಿಯಾದ ವಿಧಾನಗಳಿವೆ. ಭಾರವಾದ ಕ್ಯಾಂಪರಿಗೆ ಚಾಸಿಗೇ ಬಿಗಿಯುವ, ಬೆಡ್ಡಿನ ಹೊರಗೆ ಚಾಚಿಕೊಳ್ಳುವ ತೋಳುಗಳು ಸಿಗುತ್ತವೆ. ಟಾರ್ಕ್‌ಲಿಫ್ಟ್ ಕಂಪನಿಯವು ಹೆಸರಾಗಿವೆ. ಹಗುರವಾದ ಪಾಪ್-ಅಪ್‌ಗಳಿಗೆ ಬೆಡ್ಡಿನ ತಳದಲ್ಲೇ ತೂತು ಕೊರೆದು ತಲೆಯಲ್ಲಿ ಉಂಗುರವಿರುವ ನಾಲ್ಕು ಐ-ಬೋಲ್ಟ್ ಹಾಕಿ, ಕ್ಯಾಂಪರಿನ ಒಳಗಿನ ಸಣ್ಣ ಬಾಗಿಲುಗಳ ಮೂಲಕ ಕೈಹಾಕಿ, ತಿರುಗಿಸಿ ಬಿಗಿಯುವ ತಿರುಪಿನ ಕೊಂಡಿಗಳಾದ ಟರ್ನ್‌ಬಕಲ್‌ಗಳಿಂದ ಬಿಗಿಯುವುದು ರೂಢಿ. ಫೋರ್ ವೀಲ್ ಕ್ಯಾಂಪರ್ಸ್‌ನವರು ಬಹುಕಾಲದಿಂದ ಅನುಸರಿಸಿರುವುದು ಈ ಎರಡನೆಯ ವಿಧಾನ. ಹೊರಗಡೆ ಏನೂ ಚಾಚಿಕೊಳ್ಳದೆ ಇರುವುದರಿಂದ ಕಾಡುದಾರಿಯಲ್ಲಿ ಬಂಡೆಗೆ ತಾಗಿ ಮುರಿಯುವ ಭಯವಿಲ್ಲ, ಕಳ್ಳರ ಕೈಗೂ ಸಿಗುವುದಿಲ್ಲ.

ತೂತು ಕೊರೆಯುವುದಕ್ಕೆ ಮೊದಲು ಕ್ಯಾಂಪರನ್ನು ಒಮ್ಮೆ ಒಳಗಿಳಿಸಿ, ಜಾಗವನ್ನು ಗುರುತಿಸಿ, ಮತ್ತೆ ಹೊರತೆಗೆಯಿರಿ. ಇದನ್ನು ಬೇಸರದ ಕೆಲಸವೆಂದು ಬಿಟ್ಟು ಬರೀ ಅಳತೆಯ ಪಟ್ಟಿಯನ್ನು ನಂಬಿದರೆ, ಬೋಲ್ಟ್ ಒಂದು ಕಡೆ, ಕ್ಯಾಂಪರಿನ ಕೊಂಡಿ ಇನ್ನೊಂದು ಕಡೆ ಉಳಿಯುತ್ತದೆ. ಗುರುತಿಸಿದ ಬಿಂದುಗಳ ಕೆಳಗೆ ಟಾರ್ಚು ಹಿಡಿದು ಮಲಗಿ ನೋಡಿ: ಇಂಧನದ ಟ್ಯಾಂಕು, ಬ್ರೇಕ್ ನಳಿಕೆ, ತಂತಿಗಳ ಕಟ್ಟು, ಹೊಗೆ ಕೊಳವೆ ಯಾವುದೂ ಅಲ್ಲಿರಬಾರದು. ಸಣ್ಣ ಬಿಟ್‌ನಿಂದ ಆರಂಭಿಸಿ ಹಿಗ್ಗಿಸುತ್ತಾ ಕೊರೆಯಿರಿ. ಉಕ್ಕಿನ ಬೆಡ್ ಆದರೆ ಬರಿದಾದ ಅಂಚಿಗೆ ಬಣ್ಣ ಹಚ್ಚಿ ಒಣಗಲು ಬಿಡಿ. ಕಂಬಿಯನ್ನು ಬಗ್ಗಿಸಿ ಮಾಡಿದ ಐ-ಬೋಲ್ಟ್ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಕುಲುಮೆಯಲ್ಲಿ ಒಂದೇ ತುಂಡಾಗಿ ಬಡಿದು ಮಾಡಿದ, ಹೊರೆಯ ಮಿತಿಯನ್ನು ಕೆತ್ತಿರುವ ಬೋಲ್ಟನ್ನೇ ಕೊಳ್ಳಿ. ಕೆಳಗಡೆ ಬರೀ ವಾಷರ್ ಸಾಲದು. ಬೆಡ್ಡಿನ ಅಲೆಯಲೆಯಾದ ತಗಡಿನಲ್ಲಿ ಎರಡು ಏಣುಗಳನ್ನಾದರೂ ಮುಟ್ಟುವಷ್ಟು ಅಗಲದ ಉಕ್ಕಿನ ಪ್ಲೇಟ್ ಇಟ್ಟು, ಸಡಿಲವಾಗದ ಲಾಕ್‌ನಟ್ ಹಾಕಬೇಕು.

2015ರಿಂದ ಈಚೆಗಿನ ಫೋರ್ಡ್ ಎಫ್-150 ಟ್ರಕ್ಕಿನ ಬೆಡ್ ಅಲ್ಯೂಮಿನಿಯಂನದು. ಟಕೋಮಾದ್ದು 2005ರಿಂದ ಕಾಂಪೋಸಿಟ್ ಪದಾರ್ಥದ್ದು. ಅಲ್ಯೂಮಿನಿಯಂಗೆ ಉಕ್ಕಿನ ಪ್ಲೇಟ್ ನೇರವಾಗಿ ತಾಗಿ ತೇವವೂ ಸೇರಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ, ಹಾಗಾಗಿ ನಡುವೆ ರಬ್ಬರ್ ಹಾಳೆ ಅಥವಾ ದಪ್ಪ ಲೇಪ ಇರಲಿ. ಎರಡೂ ಬಗೆಯ ಬೆಡ್ಡುಗಳಲ್ಲಿ ಪ್ಲೇಟ್ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು, ಮತ್ತು ಕ್ಯಾಂಪರ್ ತಯಾರಕರು ಆ ಟ್ರಕ್ಕಿಗೆಂದೇ ಕೊಟ್ಟಿರುವ ಸೂಚನೆಯನ್ನು ಮೀರಬಾರದು.

ಏರಿಸುವ ದಿನ

ಗಾಳಿಯಿಲ್ಲದ ದಿನ, ಕಾಂಕ್ರೀಟ್ ನೆಲ, ಒಬ್ಬ ಸಹಾಯಕ. ಮೂರೂ ಬೇಕು. ಕ್ಯಾಂಪರ್ ನಾಲ್ಕು ಮೂಲೆಯ ಜಾಕ್‌ಗಳ ಮೇಲೆ ನಿಂತಿರುತ್ತದೆ. ಅದನ್ನು ಎತ್ತುವಾಗ ಒಂದೊಂದು ಜಾಕನ್ನೂ ಸ್ವಲ್ಪ ಸ್ವಲ್ಪವೇ ಸರದಿಯಂತೆ ತಿರುಗಿಸಿ. ಒಂದೇ ಮೂಲೆಯನ್ನು ಹೆಚ್ಚಿಸಿದರೆ ತೂಕ ಕರ್ಣರೇಖೆಯ ಎರಡು ಜಾಕ್‌ಗಳ ಮೇಲೆ ಬೀಳುತ್ತದೆ. ಮುಂಭಾಗ ಹಿಂಭಾಗಕ್ಕಿಂತ ಕೊಂಚ ಎತ್ತರದಲ್ಲಿರಲಿ. ಜಾಕ್‌ಗಳ ಮೇಲಿರುವಾಗ ಒಳಗೆ ಯಾರೂ ಹೋಗಬಾರದು, ಮಕ್ಕಳು ಹತ್ತಿರ ಸುಳಿಯಬಾರದು.

ಟ್ರಕ್ಕನ್ನು ಹಿಮ್ಮುಖವಾಗಿ ತರುವಾಗ ಸ್ಟೀರಿಂಗನ್ನು ದೂರದಲ್ಲೇ ಸರಿಪಡಿಸಿಕೊಂಡು, ಕೊನೆಯ ಎಂಟು ಹತ್ತು ಅಡಿ ನೇರವಾಗಿ ಬನ್ನಿ. ಒಂದೊಂದು ಅಡಿಗೂ ನಿಂತು, ಚಕ್ರದ ಗೂಡುಗಳಿಗೂ ಕ್ಯಾಂಪರಿನ ತಳಪೆಟ್ಟಿಗೆಗೂ ನಡುವೆ ಎರಡೂ ಬದಿಯಲ್ಲಿ ಅಂತರ ಸಮವಿದೆಯೇ ಎಂದು ಸಹಾಯಕರಿಂದ ಕೇಳಿ. ಕ್ಯಾಂಪರಿನ ಮುಂದಿನ ಗೋಡೆ ಬೆಡ್ಡಿನ ಮುಂದಿನ ಗೋಡೆಯನ್ನು ತಲುಪಬೇಕು. ನಡುವೆ ಅಂತರ ಉಳಿಯುವ ವಿನ್ಯಾಸವಾದರೆ ಅಲ್ಲಿ ರಬ್ಬರ್ ಮೆತ್ತಿದ ಮರದ ಅಡ್ಡಪಟ್ಟಿಯನ್ನು ಕೂರಿಸಿ. ಇಲ್ಲದಿದ್ದರೆ ತುರ್ತು ಬ್ರೇಕ್ ಹಾಕಿದಾಗ ಇಡೀ ಪೆಟ್ಟಿಗೆ ಮುಂದಕ್ಕೆ ಧಾವಿಸಿ ಬೆಡ್ಡಿಗೆ ಗುದ್ದುತ್ತದೆ. ಕೊನೆಯ ಒಂದು ಇಂಚಿನಲ್ಲಿ ಮತ್ತೊಮ್ಮೆ ಸುತ್ತು ಹಾಕಿ ನೋಡಿದ ನಂತರವೇ ಪೂರ್ತಿ ಇಳಿಸಿ.

ಟರ್ನ್‌ಬಕಲ್‌ಗಳು ನೇರ ಕೆಳಕ್ಕೆ ಎಳೆಯುವುದಕ್ಕಿಂತ, ಮುಂದಿನ ಜೋಡಿ ಮುಂದಕ್ಕೂ ಹಿಂದಿನ ಜೋಡಿ ಹಿಂದಕ್ಕೂ ಸ್ವಲ್ಪ ಓರೆಯಾಗಿ ಎಳೆಯುವಂತಿದ್ದರೆ ಕ್ಯಾಂಪರ್ ಯಾವ ದಿಕ್ಕಿಗೂ ಸರಿಯದು. ಕೈಯಿಂದ ಬಿಗಿಯಾಗುವಷ್ಟು ತಿರುಗಿಸಿ, ಆಮೇಲೆ ಸಲಕರಣೆಯಿಂದ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು. ಬಲವಿದೆಯೆಂದು ಇನ್ನೂ ತಿರುಗಿಸಿದರೆ ಕ್ಯಾಂಪರಿನ ಚೌಕಟ್ಟೇ ಬಗ್ಗುತ್ತದೆ. ಎರಡೂ ತುದಿಯ ಲಾಕ್‌ನಟ್‌ಗಳನ್ನು ಬಿಗಿಯದೆ ಹೊರಡಬೇಡಿ. ಮೊದಲ ಹತ್ತು ಮೈಲಿಗೆ ಒಮ್ಮೆ, ಐವತ್ತು ಮೈಲಿಗೆ ಇನ್ನೊಮ್ಮೆ ನಿಲ್ಲಿಸಿ ಪರೀಕ್ಷಿಸಿ. ಅಲೆಅಲೆಯಾದ ಮಣ್ಣಿನ ರಸ್ತೆಯಲ್ಲಿ ಓಡಿದ ದಿನಗಳಲ್ಲಿ ಪ್ರತಿ ಬೆಳಿಗ್ಗೆಯೂ ನೋಡಬೇಕು. ಕಾಡುದಾರಿಗಳಲ್ಲೇ ಹೆಚ್ಚು ತಿರುಗುವವರು ಜಾಕ್‌ಗಳನ್ನು ಬಿಚ್ಚಿ ಮನೆಯಲ್ಲಿಟ್ಟರೆ ತೂಕವೂ ಇಳಿಯುತ್ತದೆ, ಅಗಲವೂ ಕುಗ್ಗುತ್ತದೆ.

ತೂಗಿಸಿ, ನಂತರ ಟೈರು ನೋಡಿ

ನಮ್ಮೂರಿನ ವೇ ಬ್ರಿಡ್ಜ್‌ನಂಥವು ಅಮೆರಿಕದ ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ಹೆಸರಿನಲ್ಲಿವೆ. ಮುಂದಿನ ಆಕ್ಸಲ್ ಒಂದು ಹಲಗೆಯ ಮೇಲೆ, ಹಿಂದಿನದು ಇನ್ನೊಂದರ ಮೇಲೆ ಬರುವಂತೆ ನಿಲ್ಲಿಸಿದರೆ ಎರಡರ ತೂಕವೂ ಬೇರೆ ಬೇರೆ ಅಚ್ಚಾಗಿ ಬರುತ್ತದೆ. ಇಂಧನ, ನೀರು, ಗ್ಯಾಸು, ಆಹಾರ, ಮನೆಮಂದಿ ಎಲ್ಲವನ್ನೂ ತುಂಬಿಕೊಂಡು, ನಿಜವಾದ ಪ್ರವಾಸಕ್ಕೆ ಹೊರಟ ಸ್ಥಿತಿಯಲ್ಲೇ ತೂಗಿಸಿ. ಆ ಅಂಕಿಗಳನ್ನು ಬಾಗಿಲಿನ ಚೀಟಿಯ ಜೊತೆ ಹೋಲಿಸಿದಾಗ ಬರುವ ಉತ್ತರದ ಮುಂದೆ ಮಾರಾಟಗಾರರ ಭರವಸೆಗಳೆಲ್ಲ ಸುಮ್ಮನಾಗುತ್ತವೆ.

ಟೈರಿನ ಪಕ್ಕೆಯ ಮೇಲೆ ಬರೆದ ಹೊರೆಯ ಸಂಖ್ಯೆ 121 ಆದರೆ ಆ ಟೈರು 1,450 ಕಿಲೋ, ಅಂದರೆ 3,197 ಪೌಂಡ್ ಹೊರಬಲ್ಲದು. ಅದೂ ಹೇಳಿದಷ್ಟು ಗಾಳಿಯ ಒತ್ತಡ ಇದ್ದಾಗ ಮಾತ್ರ. ಅಳತೆಯ ಮುಂದೆ ಪಿ ಅಕ್ಷರವಿರುವ ಕಾರಿನ ವರ್ಗದ ಟೈರುಗಳನ್ನು ಪಿಕಪ್‌ಗೆ ಹಾಕಿದಾಗ ಅವುಗಳ ಸಾಮರ್ಥ್ಯವನ್ನು 1.10ರಿಂದ ಭಾಗಿಸಬೇಕು. ಕ್ಯಾಂಪರ್ ಹೊರುವ ಟ್ರಕ್ಕಿಗೆ ಭಾರದ ಹೊರೆಗೆಂದೇ ಮಾಡಿದ ಲೋಡ್ ರೇಂಜ್ ಇ ಟೈರುಗಳೇ ಸರಿ. ತೂಕ ಏರಿದ ಮೇಲೆ ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತಿದೆಯೇ ಎಂಬುದನ್ನು ಗೋಡೆಯೆದುರು ನಿಲ್ಲಿಸಿ ನೋಡಿ, ತಗ್ಗಿಸಿ.

ವಿದ್ಯುತ್ತು

ಟ್ರೇಲರಿಗೆಂದು ಇರುವ ಏಳು ಪಿನ್ನಿನ ಪ್ಲಗ್‌ನಿಂದಲೇ ಕ್ಯಾಂಪರಿನ ಬ್ಯಾಟರಿ ಚಾರ್ಜ್ ಆಗುತ್ತದೆಂದು ಹಲವರು ನಂಬುತ್ತಾರೆ. ಆಗುತ್ತದೆ, ಆದರೆ ಆಮೆಗತಿಯಲ್ಲಿ. ಇಂಜಿನ್ನಿನಿಂದ ಕ್ಯಾಂಪರಿಗೆ ಹೋಗಿಬರುವ ತಂತಿಯ ಉದ್ದ 40 ಅಡಿ ಎಂದುಕೊಳ್ಳಿ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. 10 ಗೇಜ್ ತಾಮ್ರದ ತಂತಿಯಲ್ಲಿ 30 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 1.2 ವೋಲ್ಟ್ ಕಳೆದುಹೋಗುತ್ತದೆ. 6 ಗೇಜ್ ಆದರೆ ಅರ್ಧ ವೋಲ್ಟಿಗಿಂತ ಕಡಿಮೆ. ಬ್ಯಾಟರಿ ತುಂಬಲು ಬೇಕಾದದ್ದೇ ಆ ಕೊನೆಯ ಒಂದು ವೋಲ್ಟು. ಆದ್ದರಿಂದ 6 ಗೇಜ್ ಅಥವಾ ಅದಕ್ಕಿಂತ ದಪ್ಪ ತಂತಿಯನ್ನು ಚಾಸಿಯುದ್ದಕ್ಕೂ ರಕ್ಷಕ ಕೊಳವೆಯೊಳಗೆ ಎಳೆದು, ಬೆಡ್ಡಿನಲ್ಲಿ ಹೆಚ್ಚು ವಿದ್ಯುತ್ ತಾಳುವ ಆಂಡರ್ಸನ್ ಮಾದರಿಯ ಪ್ಲಗ್ ಕೊಟ್ಟು, ಕ್ಯಾಂಪರಿನೊಳಗೆ, ಬಂದ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದ ಮಟ್ಟಕ್ಕೆ ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸುವುದು ಉತ್ತಮ. ಈಚಿನ ಟ್ರಕ್ಕುಗಳ ಆಲ್ಟರ್ನೇಟರ್ ಇಂಧನ ಉಳಿಸಲೆಂದು ವೋಲ್ಟೇಜನ್ನು ಇಳಿಸುತ್ತಿರುವುದರಿಂದ ಈ ಚಾರ್ಜರ್ ಇಲ್ಲದೆ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ತಂತಿಯ ಎರಡೂ ತುದಿಯಲ್ಲಿ, ಬ್ಯಾಟರಿಗೆ ಆದಷ್ಟು ಸಮೀಪದಲ್ಲಿ ಫ್ಯೂಸ್ ಇರಬೇಕು; ಎರಡು ಕಡೆಯೂ ಬ್ಯಾಟರಿ ಇರುವುದರಿಂದ ಒಂದೇ ಫ್ಯೂಸ್ ಅರ್ಧ ರಕ್ಷಣೆ ಮಾತ್ರ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಹೆಚ್ಚು ಬಳಕೆಗೆ ಸಿಗುತ್ತದೆ. ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ. ತಣ್ಣಗಾದಾಗ ಚಾರ್ಜನ್ನು ತಾನೇ ತಡೆಯುವ ವ್ಯವಸ್ಥೆ ಇರುವುದನ್ನೇ ಕೊಂಡು, ಕ್ಯಾಂಪರಿನ ಒಳಭಾಗದಲ್ಲಿಡಿ. ಸೋಲಾರ್ ಫಲಕ ಒಳ್ಳೆಯದೇ, ಆದರೆ ಪ್ರತಿ ಫಲಕದ ತೂಕವನ್ನೂ ದಿನಾ ಚಾವಣಿಯ ಜೊತೆ ನಿಮ್ಮ ತೋಳುಗಳೇ ಎತ್ತಬೇಕು.

ಗ್ಯಾಸು

ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಹಾಗಾಗಿ ಸಿಲಿಂಡರ್ ಇರುವ ಗೂಡು ಒಳಭಾಗಕ್ಕೆ ಮುಚ್ಚಿದ್ದು, ಅದರ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಬೇಕು. ಬೆಡ್ಡಿನೊಳಗೆ ಇಳಿಸಿದ ಮೇಲೆ ಆ ಕಿಂಡಿಯನ್ನು ರಬ್ಬರ್ ಚಾಪೆಯೋ ಸಾಮಾನೋ ಮುಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳಿ. ಗ್ಯಾಸ್ ಪತ್ತೆಯಂತ್ರ ನೆಲದ ಮಟ್ಟದಲ್ಲಿಯೂ, ಕಾರ್ಬನ್ ಮೋನಾಕ್ಸೈಡ್ ಪತ್ತೆಯಂತ್ರ ಮಲಗುವ ಜಾಗದ ಬಳಿಯೂ ಇರಲಿ. ಅವುಗಳಿಗೂ ಆಯುಷ್ಯವಿದೆ, ಹಿಂಬದಿಯ ದಿನಾಂಕ ನೋಡಿ ಬದಲಿಸಬೇಕು. ಪ್ರತಿ ಜೋಡಣೆಗೂ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಬಂಕಿನಲ್ಲಿ ಇಂಧನ ತುಂಬಿಸುವ ಮೊದಲು ಸಿಲಿಂಡರಿನ ಕವಾಟ ಮುಚ್ಚಿ.

ಹತ್ತು ಪೌಂಡಿನ ಸಿಲಿಂಡರಿನಲ್ಲಿ ಸುಮಾರು 2,18,000 ಬಿಟಿಯು ಶಾಖವಿದೆ. ಗಂಟೆಗೆ 16,000 ಬಿಟಿಯು ಸುಡುವ ಹೀಟರ್ ನಿಲ್ಲದೆ ಉರಿದರೆ ಅದು ಹದಿಮೂರೂವರೆ ಗಂಟೆಯ ಮಾತು. ಬಟ್ಟೆಯ ಗೋಡೆಯಿಂದ ಶಾಖ ಬೇಗ ಸೋರಿಹೋಗುವುದರಿಂದ, ಹಿಮ ಬೀಳುವ ರಾತ್ರಿಗಳಲ್ಲಿ ಎರಡು ಸಿಲಿಂಡರ್ ಇರುವುದು ಐಷಾರಾಮವಲ್ಲ. ಅಡುಗೆಯ ಒಲೆಯನ್ನು ಮಾತ್ರ ಚಳಿ ಕಾಯಿಸಲು ಎಂದೂ ಉರಿಸಬಾರದು.

ಚಾವಣಿ, ಬಟ್ಟೆ, ತೇವ

ಎತ್ತುವ ಕ್ರಮ: ಹೊರಗಿನ ಕ್ಲ್ಯಾಂಪುಗಳನ್ನು ಎಲ್ಲವನ್ನೂ ಬಿಚ್ಚಿದೆಯೇ ಎಂದು ಎಣಿಸಿ, ಚಾವಣಿಯ ಕಿಂಡಿಯನ್ನು ತೆರೆದು, ಒಳಗಿನಿಂದ ಒಂದು ತುದಿಯ ಹಲಗೆಯನ್ನು, ನಂತರ ಇನ್ನೊಂದನ್ನು ತಳ್ಳಿ. ಇಳಿಸುವಾಗಲೂ ಕಿಂಡಿ ಅಥವಾ ಬಾಗಿಲು ತೆರೆದಿರಲೇಬೇಕು. ಇಲ್ಲದಿದ್ದರೆ ಒಳಗೆ ಸಿಕ್ಕಿದ ಗಾಳಿ ಬಟ್ಟೆಯನ್ನು ಹೊರಕ್ಕೆ ಉಬ್ಬಿಸಿ, ಅಂಚಿಗೆ ಸಿಕ್ಕಿಸಿ ಕತ್ತರಿಸುತ್ತದೆ. ಇಳಿಸಿದ ಮೇಲೆ ಸುತ್ತು ಹಾಕಿ ಹೊರಬಂದ ಬಟ್ಟೆಯನ್ನು ಕೈಯಿಂದ ಒಳಗೆ ಸೇರಿಸಿ. ಹಿಮ ಬಿದ್ದಿದ್ದರೆ ಎತ್ತುವ ಮೊದಲು ಗುಡಿಸಿ. ಒದ್ದೆ ಬಟ್ಟೆಯನ್ನು ಮಡಿಸಿ ಹೊರಡುವುದು ಅನಿವಾರ್ಯವಾದರೆ, ಮನೆ ತಲುಪಿದ ದಿನವೇ ಮತ್ತೆ ಎತ್ತಿ ಒಣಗಿಸಿ.

ತೇವದ ವಿಷಯದಲ್ಲಿ ನಮ್ಮ ಅಡುಗೆಗೆ ವಿಶೇಷ ಎಚ್ಚರ ಬೇಕು. ಒಂಬತ್ತು ಸಾವಿರ ಅಡಿಯಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಬೇಯಲು ಒಪ್ಪುವುದಿಲ್ಲ, ಕುಕ್ಕರ್ ಬೇಕೇ ಬೇಕು. ಆದರೆ ಕುಕ್ಕರಿನ ಹಬೆ ತಣ್ಣನೆಯ ವಿನೈಲ್ ಗೋಡೆಗೆ ತಾಗಿ ನೀರಾಗಿ ಹಾಸಿಗೆಯ ಕೆಳಗೆ ಇಳಿಯುತ್ತದೆ. ಚಾವಣಿಯ ಫ್ಯಾನ್ ತಿರುಗಿಸಿ, ಎದುರಿನ ಜಿಪ್ಪನ್ನು ಒಂದು ಗೇಣು ತೆರೆದಿಡಿ. ಒಗ್ಗರಣೆಯನ್ನು ಹೊರಗೆ ಮೇಜಿನ ಮೇಲೆ, ಇನ್ನೊಂದು ಸಣ್ಣ ಒಲೆಯಲ್ಲಿ ಹಾಕುವುದು ನನ್ನ ದೃಷ್ಟಿಯಲ್ಲಿ ಎಲ್ಲರಿಗೂ ಕ್ಷೇಮ. ಇಂಗಿನ ವಾಸನೆ ಹಿಡಿದ ಬಟ್ಟೆ ಮರುಮಾರಾಟದ ದಿನದವರೆಗೂ ಬಿಡುವುದಿಲ್ಲ. ಚಳಿಯ ಪ್ರದೇಶಕ್ಕೆ ಹೋಗುವವರು ಬಟ್ಟೆಯ ಒಳಗೆ ಹಾಕುವ ಎರಡನೆಯ ಪದರವನ್ನು ಕೊಳ್ಳಿ, ಹಾಸಿಗೆಯ ಕೆಳಗೆ ಗಾಳಿಯಾಡುವ ಜಾಲರಿಯ ಹಾಸನ್ನೂ ಹಾಕಿ.

ಎಲ್ಲಿ ತಂಗಬಹುದು, ಕಾಗದಪತ್ರ ಏನು

ಭೂ ನಿರ್ವಹಣಾ ಇಲಾಖೆಯ, ಅಂದರೆ ಬಿ.ಎಲ್.ಎಂ.ನ ತೆರೆದ ಭೂಮಿಯಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಉಚಿತವಾಗಿ ತಂಗಬಹುದು. ರಾಷ್ಟ್ರೀಯ ಅರಣ್ಯಗಳಲ್ಲಿ ಯಾವ ದಾರಿಗೆ ವಾಹನ ಹೋಗಬಹುದೆಂಬ ನಕ್ಷೆಯನ್ನು ಅರಣ್ಯ ಸೇವೆಯೇ ಪ್ರಕಟಿಸುತ್ತದೆ. ಕರಡಿಗಳಿರುವ ಕಡೆ ಬಟ್ಟೆಯ ಗೋಡೆಯೇ ಸಮಸ್ಯೆ: ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಜ್ ಆರ್.ವಿ. ಪಾರ್ಕಿನಲ್ಲಿ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಪ್ರವೇಶ, ಪಾಪ್-ಅಪ್‌ಗೆ ಇಲ್ಲ. ಅಂಥ ಜಾಗಗಳೇ ನಿಮ್ಮ ಗುರಿಯಾದರೆ ಅಲಾಸ್ಕನ್ ಕ್ಯಾಂಪರಿನಂಥ, ಗಟ್ಟಿ ಗೋಡೆಗಳೇ ಒಂದರೊಳಗೊಂದು ಇಳಿಯುವ ವಿನ್ಯಾಸವನ್ನು ನೋಡಿ.

ಕ್ಯಾಂಪರನ್ನು ವಾಹನವೆನ್ನಬೇಕೋ ಸಾಮಾನೆನ್ನಬೇಕೋ ಎಂಬುದು ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ನಿಮ್ಮ ರಾಜ್ಯದ ಮೋಟಾರು ಇಲಾಖೆಯಲ್ಲಿ ವಿಚಾರಿಸಿ, ವಿಮೆಯವರಿಂದ ಕ್ಯಾಂಪರಿಗೆ ರಕ್ಷಣೆಯಿದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಊರಿನಲ್ಲಿ ಹೈಲಕ್ಸ್ ಅಥವಾ ಇಸುಜು ವಿ-ಕ್ರಾಸ್ ಇಟ್ಟುಕೊಂಡು ಇದೇ ಯೋಚನೆಯಲ್ಲಿರುವವರು ಮೊದಲು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಓದಬೇಕು. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲು ಅದು ಬಿಡುವುದಿಲ್ಲ. ಆರ್‌ಟಿಒ ಕಚೇರಿಯನ್ನು ಕೇಳದೆ ಬೋಲ್ಟ್ ಕೊರೆಯಬಾರದು.

ಚಳಿಗಾಲದ ಕಾಪು

ಮೊದಲ ಹಿಮ ಬೀಳುವ ಮುನ್ನ ನೀರಿನ ತೊಟ್ಟಿ, ಕೊಳವೆ, ಬಿಸಿನೀರಿನ ಪಾತ್ರೆ ಎಲ್ಲವನ್ನೂ ಬರಿದು ಮಾಡಿ, ಕ್ಯಾಂಪರುಗಳಿಗೆಂದೇ ಸಿಗುವ ಗುಲಾಬಿ ಬಣ್ಣದ, ವಿಷವಲ್ಲದ ಆ್ಯಂಟಿಫ್ರೀಜನ್ನು ಪಂಪಿನ ಮೂಲಕ ಪ್ರತಿ ನಲ್ಲಿಯಲ್ಲೂ ಬರುವವರೆಗೆ ಹರಿಸಿ. ಕಾರಿನ ರೇಡಿಯೇಟರಿಗೆ ಹಾಕುವ ಹಸಿರು ದ್ರವ ವಿಷ, ಅದನ್ನು ಮುಟ್ಟಬೇಡಿ. ಚಾವಣಿಯ ಸಂದುಗಳ ಸೀಲೆಂಟ್ ಬಿರಿದಲ್ಲಿ ಹಳೆಯದನ್ನು ಕೆರೆದು, ತಾನಾಗಿ ಹರಡಿ ಸಮವಾಗುವ ಬಗೆಯದನ್ನು ಹಚ್ಚಿ. ಸ್ನಾನದ ಮನೆಗೆ ಬಳಸುವ ಸಿಲಿಕಾನ್, ರಬ್ಬರಿನ ಚಾವಣಿಗೆ ಹಿಡಿಯುವುದಿಲ್ಲ. ಟ್ರಕ್ಕಿನಿಂದ ಇಳಿಸಿ ಇಡುವುದಾದರೆ ಜಾಕ್‌ಗಳನ್ನು ಆದಷ್ಟು ತಗ್ಗಿಸಿ, ತಳಕ್ಕೆ ಮರದ ದಿಮ್ಮಿಗಳ ಆಸರೆ ಕೊಡಿ. ಎತ್ತರದಲ್ಲಿ ಬಿಟ್ಟರೆ ಚಳಿಗಾಲದ ಒಂದು ಬಿರುಗಾಳಿ ಸಾಕು. ಬ್ಯಾಟರಿಯ ಸಂಪರ್ಕ ಕಳಚಿ, ಫ್ರಿಜ್ಜಿನ ಬಾಗಿಲನ್ನು ತುಸು ತೆರೆದಿಡಿ. ಹೊರಗೆ ಬಿಸಿಲಿರುವ ದಿನ ತಿಂಗಳಿಗೊಮ್ಮೆ ಚಾವಣಿ ಎತ್ತಿ ಬಟ್ಟೆಗೆ ಗಾಳಿಯಾಡಿಸಿ, ಅದೇ ಹೊತ್ತಿಗೆ ಇಲಿಗಳು ತಂತಿಯ ಸಂದುಗಳಿಂದ ಒಳಗೆ ಬಂದಿವೆಯೇ ಎಂದು ಸೀಟಿನ ಕೆಳಗೆ ನೋಡಿ. ವಸಂತದಲ್ಲಿ ಮತ್ತೆ ಏರಿಸುವಾಗ ಐ-ಬೋಲ್ಟ್‌ಗಳ ಕೆಳಗಿನ ಪ್ಲೇಟುಗಳಿಗೆ ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಿ, ಹಿಡಿದಿದ್ದರೆ ಬದಲಿಸಿದ ನಂತರವೇ ಟರ್ನ್‌ಬಕಲ್ ಬಿಗಿಯಿರಿ.